ಮದ್ಯಪಾನ ತಪಾಸಣೆ: ವಾಹನ ಮಾಲೀಕರು ಅರಿಯಬೇಕಾದ ಕಾನೂನು

ರಾತ್ರಿ ವೇಳೆ ಸರಕು ಹೊತ್ತು ಹೊರಟ ವಾಹನವನ್ನು ಪೊಲೀಸರು ತಡೆದು, ಆಲ್ಕೋಮೀಟರ್ ಊದುವಂತೆ ಚಾಲಕನಿಗೆ ಸೂಚಿಸುತ್ತಾರೆ. ಗಾಬರಿಗೊಂಡ ಆತ ಮಾಲೀಕರಿಗೆ ದೂರವಾಣಿ ಮಾಡುತ್ತಾನೆ. "ಊದಬೇಡ, ಏನಾದರೂ ಕೊಟ್ಟು ಬಿಡಿಸಿಕೊಂಡು ಬಾ" ಎಂದು ಹೇಳುವವರು ನಮ್ಮಲ್ಲಿ ಇಲ್ಲದಿಲ್ಲ. ಈ ಸಲಹೆಯ ಎರಡು ಭಾಗಗಳೂ ತಪ್ಪು.

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿರುವಾಗ ವಾಹನ ಚಲಾಯಿಸುವುದು ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ 6 ತಿಂಗಳವರೆಗಿನ ಸೆರೆವಾಸ, 10,000 ರೂ. ದಂಡ ಅಥವಾ ಎರಡೂ. ಪುನರಾವರ್ತಿತ ಅಪರಾಧಕ್ಕೆ 2 ವರ್ಷಗಳವರೆಗಿನ ಸೆರೆವಾಸ, 15,000 ರೂ. ದಂಡ ಅಥವಾ ಎರಡೂ ವಿಧಿಸಬಹುದು.

ಸಕಾರಣ ಸಂಶಯವಿದ್ದಲ್ಲಿ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯು ಉಸಿರಿನ ಪರೀಕ್ಷೆಗೆ ಸೂಚಿಸಬಹುದು (203ನೇ ಕಲಂ). ನಿರಾಕರಿಸಿದ ಚಾಲಕನನ್ನು ವಾರಂಟ್ ಇಲ್ಲದೆ ಬಂಧಿಸಬಹುದು. ಸೂಕ್ತ ಕಾರಣವಿಲ್ಲದ ನಿರಾಕರಣೆಯು ನ್ಯಾಯಾಲಯದಲ್ಲಿ ಆತನಿಗೇ ಪ್ರತಿಕೂಲವಾಗುತ್ತದೆ (205ನೇ ಕಲಂ). ಆದ್ದರಿಂದ ಚಾಲಕನ ರಕ್ಷಣೆಯಿರುವುದು ಪರೀಕ್ಷೆಯನ್ನು ತಪ್ಪಿಸಿಕೊಳ್ಳುವುದರಲ್ಲಲ್ಲ, ಅದು ಕ್ರಮಬದ್ಧವಾಗಿ ನಡೆಯುವಂತೆ ನೋಡಿಕೊಳ್ಳುವುದರಲ್ಲಿ.

ಚಾಲಕನಿಗಿರುವ ಮುಖ್ಯ ಹಕ್ಕುಗಳು ಹೀಗಿವೆ:

1. ಬಂಧಿಸಿದಲ್ಲಿ ಅದರ ಕಾರಣವನ್ನು ತಿಳಿಸಬೇಕು. ಇದು ಜಾಮೀನು ನೀಡಬಹುದಾದ ಅಪರಾಧ.

2. ಬಂಧನದ 2 ಗಂಟೆಗಳೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ನಡೆಯಬೇಕು. ತಪ್ಪಿದಲ್ಲಿ ಬಿಡುಗಡೆ ಮಾಡಬೇಕು (202ನೇ ಕಲಂ). ಠಾಣೆಯಲ್ಲಿ ಮತ್ತೊಮ್ಮೆ ಉಸಿರಿನ ಪರೀಕ್ಷೆಗೆ ಅವಕಾಶ ಕೊಡಬೇಕು.

3. ಬಂಧಿತರು ಮಹಿಳೆಯಾಗಿದ್ದು ವೈದ್ಯರು ಪುರುಷರಾಗಿದ್ದರೆ, ಇನ್ನೊಬ್ಬ ಮಹಿಳೆಯ ಸಮ್ಮುಖದಲ್ಲಿಯೇ ರಕ್ತದ ಮಾದರಿ ಪಡೆಯಬೇಕು.

4. ಚಾಲನಾ ಪರವಾನಗಿಯನ್ನು ವಶಪಡಿಸಿಕೊಂಡರೆ ಸ್ವೀಕೃತಿ ಪತ್ರ ನೀಡಬೇಕು. ಆದರೆ ಈ ಅಪರಾಧದಲ್ಲಿ ಆ ಪತ್ರದ ಬಲದಿಂದ ವಾಹನ ಓಡಿಸುವಂತಿಲ್ಲ.

5. ಇದು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದಾದ ಪ್ರಕರಣವಲ್ಲ, ನ್ಯಾಯಾಲಯದಲ್ಲಿಯೇ ಇತ್ಯರ್ಥವಾಗಬೇಕು. ರಸೀದಿಯಿಲ್ಲದೆ ಕೈಗೆ ಕೊಡುವ ಹಣ ಲಂಚವಾಗುತ್ತದೆ. ಪ್ರಕರಣದಿಂದ ಪಾರಾಗಲು ಲಂಚ ಕೊಡುವುದೂ ಅಪರಾಧವೇ.

ಸರಕು ರಸ್ತೆಯಲ್ಲೇ ಉಳಿಯದಂತೆ, ಪರವಾನಗಿಯುಳ್ಳ ಬದಲಿ ಚಾಲಕನನ್ನು ಕಳುಹಿಸಿ, ವಾಹನವನ್ನು ಆತನ ವಶಕ್ಕೆ ಒಪ್ಪಿಸುವಂತೆ ಅಧಿಕಾರಿಯನ್ನು ವಿನಂತಿಸಬಹುದು.

ಮಾಲೀಕರೂ ಈ ಹೊಣೆಯಿಂದ ಹೊರತಲ್ಲ. ಕುಡಿದಿರುವನೆಂದು ತಿಳಿದೂ ಚಾಲಕನನ್ನು ರಸ್ತೆಗೆ ಕಳುಹಿಸಿದರೆ, 188ನೇ ಕಲಮಿನಡಿ ಪ್ರೇರಣೆಯ ಆರೋಪ ಬಂದು ಚಾಲಕನಿಗಿರುವ ಶಿಕ್ಷೆಯೇ ಮಾಲೀಕರಿಗೂ ಆಗಬಹುದು. ವಿಮೆಯ ಮಾತೂ ಇದೆ. ಕಂಪನಿಯೊಂದಕ್ಕೆ ಸೇರಿದ ಕಾರು ಅಪಘಾತದಲ್ಲಿ ಹಾನಿಗೊಂಡ ಪ್ರಕರಣದಲ್ಲಿ, ಚಾಲಕ ಮದ್ಯದ ಅಮಲಿನಲ್ಲಿದ್ದ ಕಾರಣ ಪರಿಹಾರ ನಿರಾಕರಿಸಿದ ವಿಮಾ ಸಂಸ್ಥೆಯ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ಉಸಿರಿನ ಅಥವಾ ರಕ್ತದ ಪರೀಕ್ಷೆಯ ವರದಿ ಇಲ್ಲದಿದ್ದರೂ ಇತರ ಸಾಕ್ಷ್ಯಗಳ ಆಧಾರದಲ್ಲಿ ವಿಮಾ ಸಂಸ್ಥೆ ಅಮಲನ್ನು ಸಾಬೀತುಪಡಿಸಬಹುದೆಂಬುದು ಆ ತೀರ್ಪಿನ ಸಾರ.

ಮದ್ಯ ಸೇವಿಸದ ಚಾಲಕನಿಗೆ ಆ ಯಂತ್ರದ ಫಲಿತಾಂಶವೇ ಉತ್ತಮ ಸಾಕ್ಷಿ. ಆದುದರಿಂದ ಸದಸ್ಯರು ಮೇಲಿನ ಅಂಶಗಳನ್ನು ತಮ್ಮ ಚಾಲಕರಿಗೆ ಓದಿ ಹೇಳುವುದು, ವಾಹನದ ಕೀಲಿಕೈ ಕೊಡುವ ಮುನ್ನ ಚಾಲಕನ ಸ್ಥಿತಿಯನ್ನು ಗಮನಿಸುವುದು ಒಳಿತು. ಗೋದಾಮಿನ ಬಾಗಿಲಲ್ಲಿ ವಹಿಸುವ ಈ ಎಚ್ಚರವು ರಸ್ತೆಯಲ್ಲಿ ಒಂದು ಜೀವವನ್ನೇ ಉಳಿಸೀತು.