ಎಡಗಿವಿ ಸುಮ್ಮನಾದ ಮೇಲೆ

ನಸುಕಿಗೆ ಎಚ್ಚರವಾದಾಗ ಮಾಡಿನ ಪಕಾಸಿಗಳು ಓಡುತ್ತಿದ್ದವು. ಎಡದಿಂದ ಬಲಕ್ಕೆ, ಒಂದರ ಹಿಂದೆ ಒಂದು, ನಿಲ್ಲದೆ. ಕಣ್ಣು ಮುಚ್ಚಿದರೆ ಹಾಸಿಗೆಯೇ ತಿರುಗತೊಡಗಿತು. ಎದ್ದು ಕೂರಲು ಹೋದವಳು ಎಡಕ್ಕೆ ವಾಲಿ ಗೋಡೆಗೆ ಹಣೆ ಬಡಿಸಿಕೊಂಡೆ. ಬಚ್ಚಲಿಗೆ ಹೋದದ್ದು ಅಂಬೆಗಾಲಿಟ್ಟು. ಹೊಟ್ಟೆಯಲ್ಲಿದ್ದುದೆಲ್ಲ ಹೊರಬಿದ್ದ ಮೇಲೂ ಬಹಳ ಹೊತ್ತು ಬರೀ ಓಕರಿಕೆ. ಆಷಾಢದ ಮಳೆ ಸುರಿಯುತ್ತಿದ್ದ ದಿನಗಳು ಅವು. ಶಾಲೆಯಲ್ಲಿ ಅರ್ಧ ತರಗತಿಗೆ ಶೀತ, ನನಗೂ ಹತ್ತು ದಿನದಿಂದ ಇತ್ತು. ಇನ್ನೇನು ಇಳಿಯಿತು ಎಂದುಕೊಳ್ಳುವಾಗ ಇದು ಬಂತು.

"ಪಿತ್ತ ಕಣೆ, ನೆತ್ತಿಗೇರಿದೆ" ಎಂದು ಅತ್ತೆ ಲಿಂಬೆ ಪಾನಕ ಮಾಡಿ ತಂದರು. ನಮ್ಮ ಮಲೆನಾಡಿನ ಕಡೆ ತಲೆ ತಿರುಗಿದರೆ ಮೊದಲ ಗುಮಾನಿ ಪಿತ್ತದ ಮೇಲೆ, ಆಮೇಲೆ ಬೀಪಿ ಮೇಲೆ, ಅದೂ ಅಲ್ಲವೆಂದರೆ ರಕ್ತ ಕಡಿಮೆ ಎನ್ನುತ್ತಾರೆ. ಪೇಟೆಯ ಕ್ಲಿನಿಕ್ಕಿನಲ್ಲಿ ನೋಡಿದಾಗ ಬೀಪಿ ಸರಿಯಿತ್ತು, ಶುಗರ್ ಸರಿಯಿತ್ತು. ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು, ಒಂದು ಬಾಟಲಿ ಗ್ಲೂಕೋಸ್ ಏರಿಸಿ, "ನಾಳೆ ಶಿವಮೊಗ್ಗಕ್ಕೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿ" ಎಂದರು. ಕಿವಿಗೇನಾಗಿದೆ? ನೋವಿಲ್ಲ, ಸೋರುತ್ತಿಲ್ಲ, ಎಲ್ಲ ಕೇಳಿಸುತ್ತಿದೆ. ಆ ರಾತ್ರಿ ಅತ್ತೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ಬಟ್ಟಲು ಹಿಡಿದು ಬಂದಾಗ ನಮ್ಮನೆಯವರು ತಡೆದರು. ತಡೆದದ್ದು ಒಳ್ಳೆಯದಾಯಿತು. ಮರುದಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, "ಕಿವಿಗೆ ಎಣ್ಣೆ ಏನಾದರೂ ಬಿಟ್ಟಿದ್ದೀರಾ?"

ಅವರು ದೀಪ ಹಾಕಿ ಕಿವಿಯೊಳಗೆ ನೋಡಿದರು. ತಮಟೆ ಚೆನ್ನಾಗಿದೆ ಎಂದರು. ಆಮೇಲೆ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನ ಮೂಗನ್ನೇ ನೋಡ್ತಾ ಇರಿ ಮೇಡಂ" ಎಂದು ತಟ್ಟನೆ ಬಲಕ್ಕೆ ತಿರುಗಿಸಿದರು. ಕಣ್ಣು ಮೂಗಿನ ಮೇಲೇ ನಿಂತಿತು. ಎಡಕ್ಕೆ ತಿರುಗಿಸಿದಾಗ ಮಾತ್ರ ಕಣ್ಣು ತಲೆಯ ಜೊತೆಗೇ ಜಾರಿ, ಒಂದು ಕ್ಷಣ ತಡವಾಗಿ ಮೂಗಿಗೆ ಹಾರಿ ಬಂತು. ಪಕ್ಕದಲ್ಲಿ ನಿಂತಿದ್ದ ನಮ್ಮನೆಯವರಿಗೂ ಅದು ಕಂಡಿತಂತೆ. ಮಾತು ತೊದಲುತ್ತಿದೆಯಾ, ಒಂದು ವಸ್ತು ಎರಡಾಗಿ ಕಾಣುತ್ತಿದೆಯಾ, ನುಂಗಲು ಕಷ್ಟವಾ, ಕೈಕಾಲು ಒಂದು ಬದಿ ಸೋತಂತಿದೆಯಾ, ಹಿಂದೆಂದೂ ಇಲ್ಲದಂಥ ತಲೆನೋವಿದೆಯಾ ಎಂದು ಒಂದೊಂದಾಗಿ ಕೇಳಿದರು. ಇವುಗಳಲ್ಲಿ ಒಂದಿದ್ದರೂ, ಅಥವಾ ಹಿಡಿದುಕೊಂಡರೂ ನಿಲ್ಲಲಾಗದಿದ್ದರೂ ಮಿದುಳಿನ ಸ್ಟ್ರೋಕ್ ಇರಬಹುದು, ಆಗ ಒಂದು ಗಂಟೆಯೂ ಕಾಯಬಾರದು ಎಂದರು. ನನಗೆ ಯಾವುದೂ ಇರಲಿಲ್ಲ. ಶ್ರವಣ ಪರೀಕ್ಷೆಯೂ ಸರಿ ಬಂತು. ಕೇಳಿಸುವುದೂ ಕುಗ್ಗಿದ್ದರೆ ಒಳಗಿವಿಗೆ ಇಡಿಯಾಗಿ ಸೋಂಕು ಎನ್ನುತ್ತಿದ್ದರು. ನನ್ನದು ಸಮತೋಲದ ನರಕ್ಕೆ ಮಾತ್ರ ತಗುಲಿದ್ದು, ಹೆಚ್ಚಾಗಿ ಶೀತದಂಥ ವೈರಸ್ಸಿನ ಬೆನ್ನಿಗೆ ಬರುವ ಬಾವು. ಹೆಸರು ವೆಸ್ಟಿಬ್ಯುಲರ್ ನ್ಯೂರೈಟಿಸ್.

ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಭಾಗ ಕೇಳಲಿಕ್ಕೆ. ಅದರ ಪಕ್ಕದಲ್ಲೇ ಮೂರು ಅರೆವೃತ್ತದ ನಾಳಗಳಿವೆ, ಒಂದು ಅಡ್ಡ, ಎರಡು ಲಂಬ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಹಿಂದುಳಿಯುತ್ತದೆ, ಆ ಹಿಂದುಳಿತವನ್ನು ನರ ಮಿದುಳಿಗೆ ಮುಟ್ಟಿಸುತ್ತದೆ. ನಾವು ಸುಮ್ಮನೆ ಕೂತಿದ್ದಾಗಲೂ ಎರಡೂ ಕಿವಿಗಳು ಸಮನಾಗಿ ಸುದ್ದಿ ಕಳಿಸುತ್ತಲೇ ಇರುತ್ತವೆ. ನನ್ನ ಎಡಗಿವಿ ಒಂದೇ ರಾತ್ರಿಯಲ್ಲಿ ಸುಮ್ಮನಾಯಿತು. ಬಲಗಿವಿಯ ಮಾತಷ್ಟೇ ಕೇಳಿದ ಮಿದುಳು ತಲೆ ಬಲಕ್ಕೆ ತಿರುಗುತ್ತಿದೆ ಎಂದೇ ನಂಬಿತು. ಪಕಾಸಿ ಓಡಿದ್ದು ಅದಕ್ಕೆ. ಇಪ್ಪತ್ತೆರಡು ವರ್ಷ ಗಣಿತ ಪಾಠ ಮಾಡಿದವಳಿಗೆ ಈ ವಿವರಣೆಯೇ ಅರ್ಧ ಔಷಧಿಯಂತಾಯಿತು. ಹಿಂದಿನ ರಾತ್ರಿಯೆಲ್ಲ ಸಾವು ಹತ್ತಿರ ಬಂದಿದೆ ಎಂದು ಹೆದರಿ ಮಲಗಿದ್ದೆ.

ಮೊದಲ ಮೂರು ದಿನ ನಿಜಕ್ಕೂ ನೆಮ್ಮದಿ ಕೊಟ್ಟದ್ದನ್ನು ಹೇಳುತ್ತೇನೆ. ತಲೆಸುತ್ತು ತಗ್ಗಿಸುವ ಪ್ರೊಕ್ಲೋರ್‌ಪೆರಜೀನ್ ಮಾತ್ರೆ. ಸರಿಯಿರುವ ಬಲಮಗ್ಗುಲಿಗೆ ಮಲಗುವುದು. ಕಣ್ಣು ಬಿಟ್ಟು ಒಂದೇ ಕಡೆ ನೋಟ ನಿಲ್ಲಿಸುವುದು. ನಾನು ಗೋಡೆಯ ಕ್ಯಾಲೆಂಡರಿನ ಮೊಳೆಯನ್ನು ಹಿಡಿದುಕೊಂಡಿದ್ದೆ, ಅದನ್ನೇ ನೋಡಿದರೆ ಓಟ ತುಸು ನಿಧಾನವಾಗುತ್ತಿತ್ತು. ಉಪ್ಪು ಹಾಕಿದ ಗಂಜಿ ತಿಳಿ, ಚಮಚದ ಲೆಕ್ಕದಲ್ಲಿ. ಹಾಸಿಗೆಯ ಬದಿಗೆ ಬಕೆಟ್ಟು. ರಾತ್ರಿಯಿಡೀ ಸಣ್ಣ ದೀಪ, ಏಕೆಂದರೆ ಕಿವಿ ಕೈಕೊಟ್ಟಾಗ ಕಣ್ಣೇ ದಿಕ್ಕು, ಕತ್ತಲಾದರೆ ಅದೂ ಹೋಗುತ್ತದೆ. ಬಚ್ಚಲಿಗೆ ಪ್ಲಾಸ್ಟಿಕ್ ಕುರ್ಚಿ ಇಟ್ಟರು, ಚಿಲಕ ಹಾಕಬೇಡ ಎಂದರು. ಆ್ಯಂಟಿಬಯಾಟಿಕ್ ಬೇಡವೇ ಎಂದು ನಾನೇ ಕೇಳಿದ್ದೆ. ವೈರಸ್ಸಿಗೆ ಅದು ಕೆಲಸ ಮಾಡುವುದಿಲ್ಲ ಎಂದಿದ್ದರು.

ನಾಲ್ಕನೆಯ ದಿನಕ್ಕೆ ಪಕಾಸಿ ನಿಂತವು. ಡಾಕ್ಟರು ಹೇಳಿದ್ದೂ ಅಷ್ಟೇ: ಸುತ್ತು ನಿಂತ ಕೂಡಲೇ ಮಾತ್ರೆ ಬಿಡಿ, ಎದ್ದು ಓಡಾಡಿ. ಈ ಎರಡನ್ನೂ ನಾನು ಮಾಡಲಿಲ್ಲ.

ನನ್ನ ತಪ್ಪು ಅಲ್ಲಿಂದ ಶುರು. ತಲೆ ಆಡಿಸಿದರೆ ಮತ್ತೆ ತೇಲಿದಂತಾಗುತ್ತಿತ್ತು. ಅದಕ್ಕೆ ಹೆದರಿ ಕುತ್ತಿಗೆಯನ್ನು ಹಲಗೆಯಂತೆ ಬಿಗಿಹಿಡಿದು, ಯಾರಾದರೂ ಕರೆದರೆ ಇಡೀ ದೇಹವನ್ನೇ ತಿರುಗಿಸುತ್ತಿದ್ದೆ. ಅದೇ ಹಳೆಯ ಚೀಟಿ ತೋರಿಸಿ ಮಾತ್ರೆ ತರಿಸಿಕೊಂಡೆ, ಬೆಳಿಗ್ಗೆ ಒಂದು, ರಾತ್ರಿ ಒಂದು, ಐದು ವಾರ. ಅದರ ಮಂಪರಿನಲ್ಲಿ ಸುತ್ತು ಇಲ್ಲ ಎನಿಸುತ್ತಿತ್ತು, ವಾಸಿಯೂ ಆಗುತ್ತಿರಲಿಲ್ಲ. ಶಾಲೆಗೆ ಹೋದ ದಿನ ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದು ಮಕ್ಕಳ ಕಡೆ ತಿರುಗಿದೆ. ನಲವತ್ತು ಮುಖಗಳೂ ನೀರಲ್ಲಿ ಕಂಡಂತೆ ಕದಡಿದವು. ಮೇಜು ಹಿಡಿದು ನಿಂತೆ. ಮುಂದಿನ ಬೆಂಚಿನ ಹುಡುಗಿ ಓಡಿಬಂದು ಕುರ್ಚಿ ಎಳೆದುಕೊಟ್ಟಳು. ಅವಳ ಮುಖದಲ್ಲಿದ್ದ ಗಾಬರಿ ಇಂದಿಗೂ ಕಣ್ಣ ಮುಂದಿದೆ.

ಮತ್ತೆ ಶಿವಮೊಗ್ಗ. ಈ ಸಲ ಕಿವಿಗೆ ನೀರು ಬಿಟ್ಟು ಪರೀಕ್ಷೆ. 30 ಡಿಗ್ರಿಯ ತಣ್ಣೀರು, 44 ಡಿಗ್ರಿಯ ಬಿಸಿನೀರು, ಎಂದರೆ ಮೈಬಿಸಿಗಿಂತ ಏಳೇಳು ಕಡಿಮೆ, ಹೆಚ್ಚು. ಬಲಗಿವಿಗೆ ಬಿಟ್ಟಾಗ ಕೋಣೆ ತಿರುಗಿತು, ಕಣ್ಣು ಪಟಪಟ ಹೊಡೆದುಕೊಂಡಿತು. ಎಡಕ್ಕೆ ಬಿಟ್ಟಾಗ ನೀರಿನ ತಂಪು ಗೊತ್ತಾಯಿತೇ ಹೊರತು ಇನ್ನೇನೂ ಇಲ್ಲ. ಈ ಪರೀಕ್ಷೆಯ ಹಿಂದೆ ವಿಯೆನ್ನಾದ ರಾಬರ್ಟ್ ಬಾರಾನಿ ಎಂಬ ವೈದ್ಯ ಇದ್ದಾನೆಂದು ಆಮೇಲೆ ಓದಿದೆ. ರೋಗಿಗಳ ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೆ ಕಣ್ಣು ಒಂದು ದಿಕ್ಕಿಗೆ, ಬಿಸಿಯಿದ್ದರೆ ಇನ್ನೊಂದು ದಿಕ್ಕಿಗೆ ಹೊಡೆಯುವುದನ್ನು ಗಮನಿಸಿದವನು. 1914ರ ನೊಬೆಲ್ ಬಹುಮಾನ ಅವನಿಗೆ ಬಂದಾಗ ಮೊದಲ ಮಹಾಯುದ್ಧದಲ್ಲಿ ರಷ್ಯನ್ನರ ಕೈಗೆ ಸೆರೆ ಸಿಕ್ಕಿದ್ದ. ನೀರು ತಣ್ಣಗಿದೆ ಎಂದು ರೋಗಿ ಗೊಣಗಿದಾಗ ಕ್ಷಮೆ ಕೇಳಿ ಮುಗಿಸದೆ, ಯಾಕೆ ಹೀಗಾಗುತ್ತದೆ ಎಂದು ನಿಂತು ನೋಡಿದವನ ಮೇಲೆ ನನಗೆ ತುಂಬ ಗೌರವ.

"ನಿಮ್ಮ ಎಡಗಿವಿ ಇನ್ನೂ ಎದ್ದಿಲ್ಲ. ಏಳದೆಯೂ ಇರಬಹುದು. ಆದರೆ ಒಂದೇ ಕಿವಿಯಲ್ಲಿ ನಡೆಸಿಕೊಂಡು ಹೋಗುವುದನ್ನು ಮಿದುಳು ಕಲಿಯುತ್ತದೆ. ನೀವು ಅದಕ್ಕೆ ಪಾಠವನ್ನೇ ಕೊಟ್ಟಿಲ್ಲವಲ್ಲ, ಮೇಡಂ" ಎಂದರು ಡಾಕ್ಟರು. ತಪ್ಪಾದಾಗಲೇ ಲೆಕ್ಕ ಕಲಿಯುವುದು ಎಂದು ಮಕ್ಕಳಿಗೆ ದಿನಾ ಹೇಳುವವಳು ನಾನು. ಮಿದುಳಿಗೂ ತಪ್ಪು ಕಾಣಬೇಕು, ಸ್ವಲ್ಪ ಸುತ್ತು ಬರಬೇಕು, ಆಗಲೇ ತಿದ್ದಿಕೊಳ್ಳುವುದು. ನಾನು ಮಾತ್ರೆಯಿಂದ ಆ ತಪ್ಪನ್ನೇ ಮುಚ್ಚಿಟ್ಟಿದ್ದೆ.

ಮಾತ್ರೆಯನ್ನು ಅವರು ಹೇಳಿದಂತೆ ನಿಲ್ಲಿಸಿದೆ. ಫಿಸಿಯೋಥೆರಪಿಯವರು ವ್ಯಾಯಾಮ ಹೇಳಿಕೊಟ್ಟರು. ಬೀರುವಿನ ಮೇಲೆ ಕಣ್ಣಿನ ಎತ್ತರಕ್ಕೆ ಒಂದು 'ಕ' ಅಕ್ಷರ ಅಂಟಿಸಿಕೊಂಡೆ. ಅದರಿಂದ ಕಣ್ಣು ತೆಗೆಯದೆ ತಲೆಯನ್ನು ಇಲ್ಲ ಎನ್ನುವಂತೆ ಅತ್ತಿತ್ತ, ಆಮೇಲೆ ಹೌದು ಎನ್ನುವಂತೆ ಮೇಲೆ ಕೆಳಗೆ, ಒಂದೊಂದು ನಿಮಿಷ ಆಡಿಸಬೇಕು. ಅಕ್ಷರ ಕದಡದಷ್ಟು ವೇಗ ಇರಬೇಕು, ಇನ್ನೇನು ಕದಡಿತು ಎನ್ನುವ ಅಂಚಿನವರೆಗೆ ಹೋಗಬೇಕು. ಮುಗಿಸಿದ ಮೇಲೆ ಬಂದ ಸುತ್ತು ಕಾಲು ಗಂಟೆಯೊಳಗೆ ಇಳಿದರೆ ಅಳತೆ ಸರಿ, ಇಳಿಯದಿದ್ದರೆ ಮರುದಿನ ಕಡಿಮೆ. ಮೊದಲ ದಿನ ಮೂವತ್ತು ಸೆಕೆಂಡಿಗೇ ಬೆವರು ಬಂತು. ಓಕರಿಕೆಯೂ ಬಂತು. ಬಿಟ್ಟುಬಿಡೋಣ ಎನಿಸಿತ್ತು. ಮೂರನೆಯ ವಾರಕ್ಕೆ ಎರಡು ನಿಮಿಷ ಸಲೀಸಾಯಿತು. ಮೂಲೆಯಲ್ಲಿ ಎರಡೂ ಗೋಡೆಗೆ ಹತ್ತಿರ ನಿಂತು ಪಾದ ಜೋಡಿಸಿ ಕಣ್ಣು ಮುಚ್ಚುವುದು, ದಿಂಬಿನ ಮೇಲೆ ನಿಲ್ಲುವುದು, ಜಗಲಿಯುದ್ದಕ್ಕೂ ತಲೆ ಅತ್ತಿತ್ತ ತಿರುಗಿಸುತ್ತ ನಡೆಯುವುದು. ಕಣ್ಣಿಗಿಂತ ಎತ್ತರದಲ್ಲಿ ಒಂದು ಕೈಯಿಂದ ಇನ್ನೊಂದಕ್ಕೆ ಚೆಂಡು ಹಾರಿಸುವುದಂತೂ ನನಗೆ ಇಷ್ಟವಾಯಿತು. ಇಂಥ ಆಟಗಳನ್ನು 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರಿಬ್ಬರು ತಲೆಗೆ ಪೆಟ್ಟು ಬಿದ್ದವರಿಗಾಗಿ ಹೊಂದಿಸಿದ್ದಂತೆ. ನಮ್ಮ ಜಗಲಿಯಲ್ಲಿ ಅತ್ತೆಯೇ ನನ್ನ ಜೊತೆ ಚೆಂಡು ಆಡಿದರು.

ಇದನ್ನು ಓದಿ ತಲೆ ತಿರುಗಿದವರೆಲ್ಲ ಬೀರುವಿಗೆ ಅಕ್ಷರ ಅಂಟಿಸಬಾರದು. ಪಕ್ಕದ ಮನೆಯ ಶಾರದಕ್ಕನಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಅರ್ಧ ನಿಮಿಷ ಸುತ್ತು, ಆಮೇಲೆ ಇಲ್ಲ. ಅದು ಸೋಂಕಲ್ಲ, ಒಳಗಿವಿಯ ಸುಣ್ಣದ ಹರಳುಗಳು ನಾಳಕ್ಕೆ ಜಾರಿದ್ದು. ಡಾಕ್ಟರು ತಲೆಯನ್ನು ಕ್ರಮವಾಗಿ ತಿರುಗಿಸಿ ಮಲಗಿಸಿ ಕೂರಿಸಿ ಒಂದೇ ಭೇಟಿಯಲ್ಲಿ ಗುಣ ಮಾಡಿದರು. ಇನ್ನೊಂದನ್ನು ನೆನೆದರೆ ಸಂಕಟವಾಗುತ್ತದೆ. ನಮ್ಮ ಶಾಲೆಯ ಒಬ್ಬ ಹುಡುಗನ ಕಿವಿ ಸಣ್ಣಂದಿನಿಂದ ಸೋರುತ್ತಿತ್ತು. ಮನೆಯಲ್ಲಿ ಎಣ್ಣೆ ಬಿಡುತ್ತಿದ್ದರು, ಹತ್ತಿ ತುರುಕುತ್ತಿದ್ದರು. ವಾಸನೆಗೆ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಒಂದು ದಿನ ಕಿವಿ ಒರೆಸಿಕೊಳ್ಳುವಾಗ ತಲೆ ತಿರುಗಿ ಬೆಂಚಿನಿಂದ ಬಿದ್ದ. ನನಗೆ ಆಗಿತ್ತಲ್ಲ, ಹಾಗಾಗಿ ಆ ಸಂಜೆಯೇ ಅವನ ಮನೆಗೆ ಹೋದೆ. "ಅಕ್ಕೋರೇ, ಮಳೆಗಾಲದಲ್ಲಿ ಎಲ್ಲರ ಕಿವಿಯೂ ಸೋರ್ತದೆ" ಎಂದರು ಅವನ ತಾಯಿ. ಒಪ್ಪಿಸಿ ಕರೆದೊಯ್ದೆವು. ಕಿವಿಯೊಳಗೆ ಚರ್ಮದ ಗಂಟು ಬೆಳೆದು ಎಲುಬನ್ನು ತಿಂದು ಸಮತೋಲದ ನಾಳದವರೆಗೆ ತಲುಪಿತ್ತು. ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಸೋರುವ ಕಿವಿಯ ಜೊತೆ ತಲೆಸುತ್ತು ಬಂದರೆ ಅದು ವ್ಯಾಯಾಮದ ಮಾತಲ್ಲ. ದಯವಿಟ್ಟು ಅಂಥ ಕಿವಿಗೆ ಎಣ್ಣೆ ಬಿಡಬೇಡಿ, ನಾಳೆ ಎನ್ನಬೇಡಿ.

ನಮ್ಮ ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ. ಅದಕ್ಕೆ ಅಡಿಕೆ ದಬ್ಬೆಯ ಸಂಕ, ಒಂದು ಬದಿಗೆ ಬಿದಿರಿನ ಕೈಹಿಡಿ. ಆ ಮಳೆಗಾಲ ಪೂರ್ತಿ ಅದರ ಹತ್ತಿರ ಹೋಗಿರಲಿಲ್ಲ. ದೀಪಾವಳಿ ಕಳೆದು ಹಳ್ಳದ ನೀರು ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಕೈಹಿಡಿ ಹಿಡಿದು ದಾಟಿದೆ. ಕೆಳಗೆ ಹರಿಯುವ ನೀರನ್ನು ನೋಡದೆ ಆಚೆ ದಡದ ಹಲಸಿನ ಬುಡವನ್ನು ನೋಡುತ್ತ ಹೋದೆ. ಹಿಂದಿರುಗುವಾಗ ನಡುವೆ ನಿಂತು ಕೆಳಗೂ ನೋಡಿದೆ. ನೀರು ಮಾತ್ರ ಹರಿಯುತ್ತಿತ್ತು. ಕತ್ತಲಲ್ಲಿ ಈಗಲೂ ಎಡಕ್ಕೆ ಎಳೆಯುತ್ತದೆ. ಕರೆಂಟು ಹೋದ ರಾತ್ರಿ ಗೋಡೆಗೆ ಕೈ ತಾಗಿಸಿಕೊಂಡೇ ನಡೆಯುತ್ತೇನೆ, ದಿಂಬಿನ ಬದಿಗೆ ಟಾರ್ಚು ಇರುತ್ತದೆ. ಬೀರುವಿನ ಮೇಲಿನ 'ಕ' ಬಣ್ಣ ಮಾಸಿದೆ, ಇನ್ನೂ ಕಿತ್ತಿಲ್ಲ.