ಯಾರ ಬಾಯಲ್ಲಿ ದೊಡ್ಡ ಹೆಸರು?

ಪುಟ್ಟೀ,

ಪಿಎಚ್‌.ಡಿ.ಗೆ ಎರಡು ಕಡೆಯಿಂದ ಆಫರ್ ಬಂದಿದೆ, ಯಾವುದಕ್ಕೆ ಹೂಂ ಅನ್ನಲಿ ಮಾವ ಎಂದು ಕೇಳಿದ್ದೀಯ. ಒಂದು, ಅಮೆರಿಕದ ಪೂರ್ವ ಕರಾವಳಿಯ ಹಳೆಯ ವಿಶ್ವವಿದ್ಯಾಲಯ. ಅದರ ಹೆಸರು ನಮ್ಮ ಬೀದಿಯ ದಿನಸಿ ಅಂಗಡಿಯವರಿಗೂ ಗೊತ್ತು. ಇನ್ನೊಂದು, ಡಲ್ಲಾಸಿನ ಯು.ಟಿ. ಸೌತ್‌ವೆಸ್ಟರ್ನ್ ಮೆಡಿಕಲ್ ಸೆಂಟರ್. ನಿಮ್ಮಪ್ಪ ಮೊದಲನೆಯದಕ್ಕೆ ಮನಸ್ಸಿನಲ್ಲೇ ಟಿಕೆಟ್ ತೆಗೆಸಿಬಿಟ್ಟಿದ್ದಾರೆ. ಎರಡನೆಯದರ ಹೆಸರು ಕೇಳಿ ನಿಮ್ಮ ದೊಡ್ಡಮ್ಮ, "ಅಲ್ಲಿ ಇವಳು ಡಾಕ್ಟರಿಕೆ ಓದ್ತಾಳಾ?" ಎಂದರಂತೆ. ಅವರನ್ನು ನೋಡಿ ನಗಬೇಡ. ರ‍್ಯಾಂಕಿನಲ್ಲಿ ಅದು ಮೇಲಿದೆ, ಇದು ಕೆಳಗಿದೆ ಎಂದು ನೀನೂ ಬರೆದಿದ್ದೀಯ. ದೊಡ್ಡಮ್ಮ ಬಾಯಿಮಾತಲ್ಲಿ ಕೇಳಿದ್ದನ್ನು ನೀನು ಅಂಕಿಯಲ್ಲಿ ಕೇಳಿದ್ದೀಯ, ಅಷ್ಟೇ.

ಹೆಸರಿಗೆ ಬೆಲೆಯೇ ಇಲ್ಲ ಎನ್ನುವವರ ಮಾತನ್ನು ಮೊದಲು ಪಕ್ಕಕ್ಕಿಡು. ಕೇಳುವುದಕ್ಕೆ ಹಿತವಾಗಿರುತ್ತದೆ, ನಿಜವಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳ ಅಧ್ಯಾಪಕರೆಲ್ಲ ಎಲ್ಲೆಲ್ಲಿ ಪಿಎಚ್‌.ಡಿ. ಮಾಡಿದವರು ಎಂದು ಲೆಕ್ಕ ಹಾಕಿದ ದೊಡ್ಡ ಅಧ್ಯಯನವೊಂದು 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಆ ದೇಶದಲ್ಲೇ ಪದವಿ ಪಡೆದ ಅಧ್ಯಾಪಕರಲ್ಲಿ ಶೇ. 80ರಷ್ಟು ಮಂದಿ ಬಂದದ್ದು ಐದರಲ್ಲೊಂದು ಪಾಲು ವಿಶ್ವವಿದ್ಯಾಲಯಗಳಿಂದ. ಎಂಟು ಮಂದಿಯಲ್ಲಿ ಒಬ್ಬರು ಬರೀ ಐದು ಕಡೆ ಓದಿದವರು: ಬರ್ಕ್ಲಿ, ಹಾರ್ವರ್ಡ್, ಮಿಷಿಗನ್, ವಿಸ್ಕಾನ್ಸಿನ್-ಮ್ಯಾಡಿಸನ್, ಸ್ಟ್ಯಾನ್‌ಫರ್ಡ್. ಈ ಐದರಲ್ಲಿ ಮೂರು ಸರ್ಕಾರಿ ವಿಶ್ವವಿದ್ಯಾಲಯಗಳು ಎನ್ನುವುದನ್ನು ಗಮನಿಸು. ಹರಗೋವಿಂದ ಖುರಾನಾ ಅವರಿಗೆ 1968ರಲ್ಲಿ ನೊಬೆಲ್ ಬಂದಾಗ ಅವರು ಇದ್ದದ್ದು ವಿಸ್ಕಾನ್ಸಿನ್‌ನಲ್ಲೇ. ಆದರೆ ನಮ್ಮ ಕಡೆಯ ಮದುವೆಮನೆಯಲ್ಲಿ ಮಗಳು ವಿಸ್ಕಾನ್ಸಿನ್‌ನಲ್ಲಿದ್ದಾಳೆ ಎಂದು ನೋಡು, ಒಬ್ಬರ ಹುಬ್ಬೂ ಮೇಲೇರುವುದಿಲ್ಲ.

ಅಂದರೆ ಹೆಸರು ಎರಡು ಥರ. ನೆಂಟರ ಬಾಯಲ್ಲಿರುವುದು ಒಂದು, ಆ ಕೆಲಸ ಮಾಡುವವರ ಬಾಯಲ್ಲಿರುವುದು ಇನ್ನೊಂದು. ಬಯೊಮೆಡಿಕಲ್ ಕ್ಷೇತ್ರದಲ್ಲಿ ಇವೆರಡರ ನಡುವಿನ ಅಂತರ ಬೇರೆಲ್ಲ ವಿಷಯಗಳಿಗಿಂತ ಹೆಚ್ಚು, ಯಾಕೆಂದರೆ ಇಲ್ಲಿನ ಎಷ್ಟೋ ಒಳ್ಳೆಯ ಸಂಸ್ಥೆಗಳಲ್ಲಿ ಬಿ.ಎಸ್ಸಿ.ಯಂಥ ಪದವಿ ತರಗತಿಗಳೇ ಇಲ್ಲ. ಫುಟ್‌ಬಾಲ್ ತಂಡವಿಲ್ಲ, ಟೀಶರ್ಟ್ ಮಾರಾಟವಿಲ್ಲ, ಸಿನಿಮಾದಲ್ಲಿ ಹೆಸರು ಬರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಯು.ಸಿ.ಎಸ್.ಎಫ್. ಹಾಗೆಯೇ, ನ್ಯೂಯಾರ್ಕಿನ ರಾಕೆಫೆಲರ್ ಹಾಗೆಯೇ. ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಅಂತೂ ಹೆಸರಿನಲ್ಲೇ ಒಂದು ಲ್ಯಾಬೊರೇಟರಿ. ಸೇಂಟ್ ಲೂಯಿಸ್‌ನ ವಾಷಿಂಗ್‌ಟನ್ ವಿಶ್ವವಿದ್ಯಾಲಯಕ್ಕೆ ಸೇರಿದವರು ಅದು ಸಿಯಾಟಲ್‌ನಲ್ಲೂ ಇಲ್ಲ, ರಾಜಧಾನಿಯಲ್ಲೂ ಇಲ್ಲ ಎಂದು ಜೀವನವಿಡೀ ಹೇಳಿಕೊಂಡು ತಿರುಗಬೇಕು. ಇನ್ನು ನಿನ್ನ ಡಲ್ಲಾಸು. ರಕ್ತದಲ್ಲಿರುವ ಕೊಲೆಸ್ಟರಾಲನ್ನು ನಮ್ಮ ಜೀವಕೋಶಗಳು ಹೇಗೆ ಹಿಡಿದು ಒಳಗೆಳೆದುಕೊಳ್ಳುತ್ತವೆ ಎಂದು ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಕಂಡುಹಿಡಿದದ್ದು ಅಲ್ಲಿ. 1985ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ನಿಮ್ಮಪ್ಪ ದಿನಾ ರಾತ್ರಿ ನುಂಗುವ ಸ್ಟ್ಯಾಟಿನ್ ಮಾತ್ರೆ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ತಿಳಿದದ್ದೇ ಆ ಕೆಲಸದಿಂದ. ಇದನ್ನು ಅವರಿಗೆ ಹೇಳು, ಟಿಕೆಟಿನ ವಿಚಾರದಲ್ಲಿ ಸ್ವಲ್ಪ ಮೆತ್ತಗಾದರೂ ಆಗಬಹುದು.

ರ‍್ಯಾಂಕಿನ ಪಟ್ಟಿಗಳ ಮಾತು. ಎಲ್ಲರೂ ಹಿಡಿದುಕೊಂಡು ತಿರುಗುವ 'ಯು.ಎಸ್. ನ್ಯೂಸ್' ಪಟ್ಟಿ ವಿಜ್ಞಾನದ ಪಿಎಚ್‌.ಡಿ.ಗಳನ್ನು ಅಳೆಯುವುದು ಹೀಗೆ: ವಿಭಾಗದ ಮುಖ್ಯಸ್ಥರು, ಡೀನ್‌ಗಳಂಥವರಿಗೆ ಒಂದು ಪ್ರಶ್ನಾವಳಿ ಕಳಿಸುತ್ತಾರೆ, ಬೇರೆ ವಿಶ್ವವಿದ್ಯಾಲಯಗಳಿಗೆ ಒಂದರಿಂದ ಐದರೊಳಗೆ ಅಂಕ ಕೊಡಿ ಎನ್ನುತ್ತಾರೆ, ಬಂದ ಅಂಕಗಳ ಸರಾಸರಿ ತೆಗೆಯುತ್ತಾರೆ. ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿ ನಡುವೆ ಬಿಟ್ಟು ಹೋದರು, ಎಷ್ಟು ವರ್ಷ ಹಿಡಿಯಿತು, ಯಾವುದೂ ಅದರಲ್ಲಿಲ್ಲ. ಹಾಗಾಗಿ ಹತ್ತು ಸ್ಥಾನ ಮೇಲೆ ಕೆಳಗೆ ಎನ್ನುವುದಕ್ಕೆ ಅರ್ಥವಿಲ್ಲ. ಮೊದಲ ಇಪ್ಪತ್ತು ಮೂವತ್ತರಲ್ಲಿರುವುದಕ್ಕೂ ನೂರೈವತ್ತನೆಯದಕ್ಕೂ ಮಾತ್ರ ನಿಜವಾದ ವ್ಯತ್ಯಾಸವಿದೆ: ಲ್ಯಾಬುಗಳ ಸಂಖ್ಯೆ, ಕ್ರಯೊ-ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಂಥ ದುಬಾರಿ ಯಂತ್ರ, ವಾರವಾರ ಬಂದು ಸೆಮಿನಾರ್ ಕೊಡುವವರ ಮಟ್ಟ. ನಿನ್ನ ಎರಡೂ ಆಫರ್‌ಗಳು ಆ ಗೆರೆಯ ಮೇಲೆಯೇ ಇವೆ. ಅಲ್ಲಿಗೆ ರ‍್ಯಾಂಕಿನ ಕೆಲಸ ಮುಗಿಯಿತು.

ಹೆಸರಿಲ್ಲದ ಕಡೆ ಓದಿದರೆ ಏನಾಗುತ್ತದೆ ಎಂಬುದಕ್ಕೆ ವೆಂಕಿ ರಾಮಕೃಷ್ಣನ್ ಅವರ ದಾರಿ ನೋಡು. ಅವರು 1976ರಲ್ಲಿ ಒಹಾಯೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪಿಎಚ್‌.ಡಿ. ಪಡೆದರು. ದೊಡ್ಡದಾದ ಒಹಾಯೊ ಸ್ಟೇಟ್ ಬೇರೆ, ಇದು ಬೇರೆ. ಆಮೇಲೆ ಸ್ಯಾನ್ ಡಿಯಾಗೊದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತು ಜೀವವಿಜ್ಞಾನ ಕಲಿತರು. ಯೇಲ್‌ನಲ್ಲಿ ಪೀಟರ್ ಮೂರ್ ಅವರ ಲ್ಯಾಬಿಗೆ ಪೋಸ್ಟ್‌ಡಾಕ್ ಆಗಿ ಹೋಗಿ ರೈಬೋಸೋಮಿನ ಬೆನ್ನು ಹತ್ತಿದರು. ಅದಾದ ಮೇಲೂ ಅಧ್ಯಾಪಕ ಹುದ್ದೆಗೆ ಹಾಕಿದ ಹತ್ತಾರು ಅರ್ಜಿಗಳು ಕೈಗೂಡಲಿಲ್ಲ. 2009ರಲ್ಲಿ ಅವರಿಗೆ ನೊಬೆಲ್ ಬಂದದ್ದು ಅದೇ ರೈಬೋಸೋಮಿಗೆ. ಕೆಲಸವೇ ಎಲ್ಲ, ಹೆಸರು ಏನೂ ಅಲ್ಲ ಎಂದು ಇದನ್ನು ಕೆಲವರು ಓದುವುದುಂಟು. ನಾನು ಹಾಗೆ ಓದುವುದಿಲ್ಲ. ಹೆಸರಿಲ್ಲದ್ದಕ್ಕೆ ಅವರು ವರ್ಷಗಳನ್ನು ತೆತ್ತರು. ಸರಿಯಾದ ಪ್ರಶ್ನೆ ಇದ್ದ ಲ್ಯಾಬು ಸಿಕ್ಕಿದ್ದರಿಂದ ಅವು ವಾಪಸು ಬಂದವು. ಎರಡೂ ನಿಜ.

ಬೆಂಗಳೂರಿನಲ್ಲಿ ಎಷ್ಟೋ ಆಯ್ಕೆ ಸಮಿತಿಗಳಲ್ಲಿ ಕೂತು ಕಂಡದ್ದನ್ನೂ ಹೇಳುತ್ತೇನೆ. ಅರ್ಜಿಯಲ್ಲಿ ದೊಡ್ಡ ವಿಶ್ವವಿದ್ಯಾಲಯದ ಹೆಸರು ಕಂಡರೆ ಸದಸ್ಯರು ಒಮ್ಮೆ ನೆಟ್ಟಗೆ ಕೂರುತ್ತಾರೆ, ನಿಜ. ಆ ಪ್ರಭಾವ ಗೈಡ್ ಬರೆದ ಪತ್ರ ತೆರೆಯುವವರೆಗೆ. "ಈಕೆ ನನ್ನ ಲ್ಯಾಬಿನಲ್ಲಿ ಆರು ವರ್ಷ ಇದ್ದಳು, ಶ್ರಮಜೀವಿ, ಒಳ್ಳೆಯ ಹುಡುಗಿ" ಎಂದು ಜಗದ್ವಿಖ್ಯಾತರೊಬ್ಬರು ಎರಡು ಸಾಲು ಗೀಚಿದ್ದರೆ, ಇವಳ ಮುಖ ಅವರಿಗೆ ನೆನಪಿಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅಷ್ಟೇನೂ ಪ್ರಸಿದ್ಧರಲ್ಲದ ಇನ್ನೊಬ್ಬರು, ಯಾವ ಪ್ರಯೋಗ ಇವಳೇ ಯೋಚಿಸಿ ಕಟ್ಟಿದ್ದು, ಎಲ್ಲಿ ತನ್ನ ಮಾತನ್ನೇ ಇವಳು ತಪ್ಪೆಂದು ತೋರಿಸಿದಳು ಎಂದು ಎರಡು ಪುಟ ಬರೆದಿದ್ದರೆ, ಮಾತುಕತೆ ಅಲ್ಲಿಂದ ಶುರುವಾಗುತ್ತದೆ.

ಹಾಗಾಗಿ ನೀನು ಆರಿಸಬೇಕಾದದ್ದು ಗೈಡನ್ನು. ತೊಂದರೆ ಏನೆಂದರೆ, ಅಮೆರಿಕದ ಬಯೊಮೆಡಿಕಲ್ ಪಿಎಚ್‌.ಡಿ.ಯಲ್ಲಿ ಸೇರುವಾಗ ಸಾಮಾನ್ಯವಾಗಿ ಗೈಡ್ ಯಾರೆಂದು ಗೊತ್ತಿರುವುದಿಲ್ಲ. ಮೊದಲ ವರ್ಷ ಎರಡು ಮೂರು ತಿಂಗಳಂತೆ ಮೂರು ಲ್ಯಾಬುಗಳಲ್ಲಿ ರೊಟೇಶನ್. ಹೆಣ್ಣು ನೋಡುವ ಶಾಸ್ತ್ರದ ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ಅಳೆಯುತ್ತಾರೆ. ನಿನಗೆ ಇಷ್ಟವಾದರೂ ಅವರ ಹತ್ತಿರ ಜಾಗವಿಲ್ಲದಿರಬಹುದು, ಹಣವಿಲ್ಲದಿರಬಹುದು. ಅದಕ್ಕೇ ಒಬ್ಬರೇ ಒಬ್ಬ ಗೈಡನ್ನು ನಂಬಿ ಸಮುದ್ರ ದಾಟಬೇಡ. ಅವರು ಬೇರೆ ಊರಿಗೆ ಹೋಗಬಹುದು, ಕಂಪನಿ ಸೇರಬಹುದು, ನಿವೃತ್ತರಾಗಬಹುದು. ಎರಡೂ ಕಡೆ ಯಾರ ಕೆಲಸ ಓದಿದರೆ ನಿನಗೆ ನಿದ್ದೆ ಹಾರುತ್ತದೋ ಅವರ ಹೆಸರನ್ನು ನೀನು ಕಳಿಸಿದ ಪಟ್ಟಿಗೆ ಸೇರಿಸು. ಅವರಿಗೆ ನೇರವಾಗಿ ಇಮೇಲ್ ಮಾಡಿ ಈ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳು. ಇಲ್ಲ ಎಂದವರ ಹೆಸರು ಹೊಡೆದುಹಾಕು. ನೀನು ಸೇರುವ ಕಡೆ ಕನಿಷ್ಠ ನಾಲ್ಕು ಉಳಿಯಬೇಕು.

ದೊಡ್ಡ ಲ್ಯಾಬೋ, ಹೊಸ ಲ್ಯಾಬೋ? ಇಪ್ಪತ್ತು ಮೂವತ್ತು ಮಂದಿಯ ಲ್ಯಾಬಿನಲ್ಲಿ ಗೈಡ್ ತಿಂಗಳಿಗೊಮ್ಮೆ ಕಂಡರೆ ಹೆಚ್ಚು. ನಿನಗೆ ಕೆಲಸ ಕಲಿಸುವುದು ಒಬ್ಬ ಪೋಸ್ಟ್‌ಡಾಕ್. ಅವನು ಒಳ್ಳೆಯವನಾದರೆ ನೀನು ಗೆದ್ದೆ. ಕೆಲಸ ಸಿಕ್ಕಿ ಹೊರಟುಹೋದರೆ ಮೂರನೇ ವರ್ಷದಲ್ಲಿ ಅನಾಥೆ. ಆದರೆ ಅಲ್ಲಿ ಹಣಕ್ಕೆ ಕೊರತೆಯಿಲ್ಲ, ಕೇಳುವ ಧೈರ್ಯವಿರುವವಳಿಗೆ ಸುತ್ತ ವಿದ್ಯೆ ತುಂಬಿರುತ್ತದೆ. ಹೊಸ ಅಸಿಸ್ಟೆಂಟ್ ಪ್ರೊಫೆಸರ್ ನಿನ್ನ ಪಕ್ಕದಲ್ಲೇ ನಿಂತು ಪೈಪೆಟ್ ಹಿಡಿಯುತ್ತಾರೆ. ಅವರ ಟೆನ್ಯೂರ್, ಅಂದರೆ ಕಾಯಂ ಹುದ್ದೆ, ನಿಂತಿರುವುದು ನಿನ್ನ ಪೇಪರಿನ ಮೇಲೆ, ಆದ್ದರಿಂದ ನಿನ್ನನ್ನು ಮರೆಯುವ ಹಾಗಿಲ್ಲ. ಒತ್ತಡವೂ ಅಷ್ಟೇ. ಟೆನ್ಯೂರ್ ಸಿಗದಿದ್ದರೆ ಲ್ಯಾಬೇ ಮುಚ್ಚಬಹುದು. ನಿನ್ನ ಸ್ವಭಾವ ನನಗೆ ಗೊತ್ತು: ಗೊತ್ತಾಗದ್ದನ್ನು ಕೇಳುವುದಕ್ಕೆ ನಾಲ್ಕು ದಿನ ಹಿಂದೆಮುಂದೆ ನೋಡುತ್ತೀಯ. ಮೂವತ್ತು ಮಂದಿಯ ನಡುವೆ ನೀನು ಮಾತೇ ಆಡದೆ ಉಳಿದುಬಿಡುತ್ತೀಯ. ಎಂಟು ಹತ್ತು ಮಂದಿಯ ಲ್ಯಾಬು, ಈಗಾಗಲೇ ಟೆನ್ಯೂರ್ ಆಗಿರುವ ಗೈಡ್, ಇದು ನಿನಗೆ ಹೊಂದುತ್ತದೆ.

ಹಣದ ವಿಷಯವನ್ನು ಆಫರ್ ಪತ್ರ ಪೂರ್ತಿ ಹೇಳುವುದಿಲ್ಲ. ಫೀಸು ಮಾಫಿ, ಸ್ಟೈಪೆಂಡ್ ಉಂಟು, ಸರಿ. ಆದರೆ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎನ್.ಐ.ಎಚ್. ವಿಶ್ವವಿದ್ಯಾಲಯಗಳಿಗೆ ಕೊಡುವ ಟಿ-32 ತರಬೇತಿ ಹಣ, ವಿದ್ಯಾರ್ಥಿಗಳಿಗೆ ನೇರ ಕೊಡುವ ಎಫ್-31 ಫೆಲೊಶಿಪ್ ಎರಡೂ ಆ ದೇಶದ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ವೀಸಾದಲ್ಲಿ ಹೋಗುವ ನಿನ್ನಂಥವರು ಮೊದಲೆರಡು ವರ್ಷಗಳಾದ ಮೇಲೆ ಹೆಚ್ಚುಕಡಿಮೆ ಗೈಡಿನ ಗ್ರ್ಯಾಂಟ್ ಮೇಲೆ ನಿಂತಿರುತ್ತೀರಿ. ಆ ಗ್ರ್ಯಾಂಟ್ ಎಂದು ಮುಗಿಯುತ್ತದೆ ಎನ್ನುವುದು ಗುಟ್ಟೇನಲ್ಲ. 'ಎನ್.ಐ.ಎಚ್. ರಿಪೋರ್ಟರ್' ಎಂಬ ಜಾಲತಾಣದಲ್ಲಿ ಗೈಡಿನ ಹೆಸರು ಹಾಕು. ಎಷ್ಟು ಹಣ, ಯಾವ ತಾರೀಖಿನವರೆಗೆ, ಎಲ್ಲ ಕಾಣುತ್ತದೆ. ನಮ್ಮ ಹುಡುಗರು ಇದನ್ನು ನೋಡುವುದೇ ಇಲ್ಲ. ಇದು ಸುಮ್ಮನೆ ಹೆದರಿಸುವ ಮಾತೂ ಅಲ್ಲ. 2025ರ ವಸಂತದಲ್ಲಿ ಎನ್.ಐ.ಎಚ್. ಹಣ ಅಲುಗಾಡಿದಾಗ ವೂಸ್ಟರ್‌ನ ಯುಮಾಸ್ ಚಾನ್ ಮೆಡಿಕಲ್ ಸ್ಕೂಲ್ ಕೊಟ್ಟ ಆಫರ್‌ಗಳನ್ನೇ ಹಿಂದಕ್ಕೆ ಪಡೆಯಿತು. 2006ರಲ್ಲಿ ಕ್ರೇಗ್ ಮೆಲೊ, 2024ರಲ್ಲಿ ವಿಕ್ಟರ್ ಆಂಬ್ರೋಸ್, ಹೀಗೆ ಇಬ್ಬರು ನೊಬೆಲ್ ವಿಜ್ಞಾನಿಗಳಿರುವ ಸಂಸ್ಥೆ ಅದು.

ಇನ್ನು ವಿಚಾರಿಸುವ ಬಗೆ. "ಗೈಡ್ ಹೇಗೆ?" ಎಂದು ಕೇಳಬೇಡ, "ತುಂಬಾ ಒಳ್ಳೆಯವರು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಿಂದಿನ ಐದು ಮಂದಿ ಎಷ್ಟೆಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ? ಕೊನೆಯದಾಗಿ ಲ್ಯಾಬು ಬಿಟ್ಟು ಹೋದವರು ಯಾರು, ಯಾಕೆ? ಆರು ತಿಂಗಳು ಪ್ರಯೋಗ ಕೈಕೊಟ್ಟರೆ ಸೋಮವಾರದ ಮೀಟಿಂಗಿನಲ್ಲಿ ಏನು ನಡೆಯುತ್ತದೆ? ಊರಿಗೆ ಹೋಗಿ ಬರಲು ಒಟ್ಟಿಗೆ ಮೂರು ವಾರ ರಜೆ ಕೊಡುತ್ತಾರಾ? ಇದನ್ನೆಲ್ಲ ನಾಲ್ಕನೆಯ ಐದನೆಯ ವರ್ಷದವರನ್ನು ಒಬ್ಬೊಬ್ಬರನ್ನೇ ಫೋನಿನಲ್ಲಿ ಕೇಳು, ಬರವಣಿಗೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಪಬ್‌ಮೆಡ್‌ನಲ್ಲಿ ಆ ಲ್ಯಾಬಿನ ಪೇಪರುಗಳನ್ನು ತೆಗೆದು ಮೊದಲ ಹೆಸರು ವಿದ್ಯಾರ್ಥಿಗಳದ್ದೋ, ಬರೀ ಪೋಸ್ಟ್‌ಡಾಕ್‌ಗಳದ್ದೋ ಎಂದು ನೋಡು. ಎಷ್ಟು ವರ್ಷ ಹಿಡಿಯುತ್ತದೆ, ಮುಗಿಸಿದವರು ಎಲ್ಲಿಗೆ ಹೋದರು ಎಂಬ ಲೆಕ್ಕವನ್ನು ಬಹಿರಂಗವಾಗಿ ಇಡುತ್ತೇವೆಂದು ಅಮೆರಿಕದ ಕೆಲವು ದೊಡ್ಡ ಸಂಸ್ಥೆಗಳು 2017ರಲ್ಲಿ ಒಂದು ಒಕ್ಕೂಟವನ್ನೇ ಕಟ್ಟಿಕೊಂಡಿವೆ. ನಿನ್ನೆರಡರಲ್ಲಿ ಯಾವುದು ಆ ಲೆಕ್ಕ ಇಟ್ಟಿದೆ, ಯಾವುದು ಇಟ್ಟಿಲ್ಲ ಎನ್ನುವುದೂ ಒಂದು ಮಾಹಿತಿಯೇ.

ಊರಿನ ವಿಷಯ ಚಿಕ್ಕದು. ಐದಾರು ವರ್ಷ ಬಾಳುವ ಜಾಗ. ವರ್ಷಕ್ಕೆ ನಲವತ್ತು ಸಾವಿರ ಡಾಲರ್ ಆಸುಪಾಸಿನ ಸ್ಟೈಪೆಂಡ್ ಪೂರ್ವ ಕರಾವಳಿಯಲ್ಲಿ ಬಾಡಿಗೆಗೇ ಕರಗುತ್ತದೆ, ಡಲ್ಲಾಸಿನಲ್ಲಿ ಕಾರಿಗೆ. ಮುಂದೆ ಕಂಪನಿ ಸೇರುವ ಆಸೆಯಿದ್ದರೆ ಪೂರ್ವ ಕರಾವಳಿಗೆ ಒಂದು ಅಂಕ ಹೆಚ್ಚು ಕೊಡು, ಔಷಧ ಕಂಪನಿಗಳು ಅಲ್ಲಿ ಕೈಗೆಟುಕುವ ದೂರದಲ್ಲಿವೆ. ಪಿಎಚ್‌.ಡಿ. ಮಾಡಿದವರಲ್ಲಿ ಬಹುಪಾಲು ಮಂದಿ ಪ್ರೊಫೆಸರ್ ಆಗುವುದಿಲ್ಲ ಎಂಬುದನ್ನೂ ಮರೆಯಬೇಡ.

ಎರಡೂ ಸರಿಬರದಿದ್ದರೆ ಇಲ್ಲೇ ಇರುವುದು ಸೋಲು ಎಂದುಕೊಳ್ಳಬೇಡ. ಕೊಲಾಜೆನ್ ಎಂಬ ಪ್ರೋಟೀನಿನ ಮೂರೆಳೆಯ ಸುರುಳಿಯನ್ನು ಜಿ.ಎನ್. ರಾಮಚಂದ್ರನ್ 1954ರಲ್ಲಿ ಜಗತ್ತಿನ ಮುಂದಿಟ್ಟದ್ದು ಮದ್ರಾಸ್ ವಿಶ್ವವಿದ್ಯಾಲಯದಿಂದ; ಆಮೇಲೆ ಬೆಂಗಳೂರಿನ ಐ.ಐ.ಎಸ್ಸಿ.ಗೆ ಬಂದು ಮಾಲಿಕ್ಯುಲರ್ ಬಯೊಫಿಸಿಕ್ಸ್ ವಿಭಾಗ ಕಟ್ಟಿದರು. ಐ.ಐ.ಎಸ್ಸಿ., ಎನ್.ಸಿ.ಬಿ.ಎಸ್. ಬಾಗಿಲು ನಿನಗೆ ಬಸ್ಸಿನ ದೂರದಲ್ಲಿದೆ. ಇಲ್ಲಿನ ಜೂನಿಯರ್ ರಿಸರ್ಚ್ ಫೆಲೊಶಿಪ್ (ಜೆ.ಆರ್.ಎಫ್.) ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ.

ನನ್ನ ಒಲವು ಕೇಳಿದ್ದೀಯ, ಹೇಳುತ್ತೇನೆ. ನೀನು ಈಗಾಗಲೇ ಕಳಿಸಿದ ಪಟ್ಟಿಯಲ್ಲಿ ಪೂರ್ವ ಕರಾವಳಿಯ ಕಡೆ ಇಬ್ಬರಿದ್ದಾರೆ. ಅವರಲ್ಲೊಬ್ಬರು ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ಡಲ್ಲಾಸಿನ ಕಡೆ ಐದು ಹೆಸರು, ಐವರೂ ನಿನ್ನ ಇಮೇಲಿಗೆ ಉತ್ತರ ಬರೆದಿದ್ದಾರೆ. ಆ ಮೊದಲ ಪಟ್ಟಿ ಉದ್ದವಾಗದಿದ್ದರೆ ಡಲ್ಲಾಸಿಗೆ ಹೋಗು. ಭಾವನ ಹತ್ತಿರ ನಾನು ಮಾತಾಡುತ್ತೇನೆ.

ಅವಸರವಿಲ್ಲ. ಸ್ಟೈಪೆಂಡ್ ಇರುವ ಆಫರಿಗೆ ಏಪ್ರಿಲ್ 15ಕ್ಕೆ ಮೊದಲು ಉತ್ತರ ಕೊಡಲೇಬೇಕೆಂದು ಒತ್ತಾಯಿಸುವುದಿಲ್ಲ ಎಂಬ ಒಪ್ಪಂದ ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳ ನಡುವೆ ಇದೆ. ಆದರೆ ಮನಸ್ಸು ಗಟ್ಟಿಯಾದ ದಿನವೇ ಬೇಡವಾದ ಕಡೆಗೆ ಎರಡು ಸಾಲು ಬರೆದು ತಿಳಿಸಿಬಿಡು. ನೀನು ಬಿಟ್ಟ ಜಾಗಕ್ಕೆ ವೇಟಿಂಗ್ ಲಿಸ್ಟಿನಲ್ಲಿ ಇನ್ನೊಂದು ಮಗು ಕಾದು ಕೂತಿರುತ್ತದೆ.