ಒಲೆ ಹಚ್ಚದ ಊಟ: ಗೆಲ್ಲಲು 10 ಸೂತ್ರಗಳು

ಒಲೆ ಹಚ್ಚಬಾರದು, ಹಾಲು, ಮೊಸರು, ತುಪ್ಪ ಮುಟ್ಟಬಾರದು, ಆದರೂ ಹೊಟ್ಟೆ ತುಂಬಬೇಕು. ಈ ಆಸೆಯಿಂದ ಹಸಿ ವೀಗನ್ ಊಟ ಶುರು ಮಾಡಿದ ಎಷ್ಟೋ ಮಂದಿ ವಾರ ಕಳೆಯುವುದರೊಳಗೆ ಕೈಬಿಡುತ್ತಾರೆ. ಹಸಿವಾದ ಮೇಲೆ ಯೋಚಿಸಲು ಕೂತರೆ ತಟ್ಟೆಗೆ ಬೀಳುವುದು ನಾಲ್ಕು ಸೌತೆ ಹೋಳು ಮಾತ್ರ. ಬೆಂಕಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನೀರು, ಉಪ್ಪು, ಹುಳಿ ಮಾಡಬೇಕು. ಅವಕ್ಕೆ ಹೊತ್ತು ಹಿಡಿಯುತ್ತದೆ. ಆದ್ದರಿಂದ ನಾಳೆಯ ಹಸಿ ಊಟದ ಕೆಲಸ ಇವತ್ತು ರಾತ್ರಿಯೇ ಶುರುವಾಗಬೇಕು. ಇದೊಂದನ್ನು ರೂಢಿಸಿಕೊಂಡರೆ ಉಳಿದದ್ದು ಸಲೀಸು.

1. ದಿನಕ್ಕೆ ಒಂದೇ ಹೊತ್ತು

1929ರಲ್ಲಿ ಗಾಂಧೀಜಿ ಬೇಯಿಸದ ಆಹಾರದ ಪ್ರಯೋಗಕ್ಕೆ ಇಳಿದರು. ಮೊಳಕೆ ಬಂದ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆ ಅವರ ಊಟವಾಗಿತ್ತು. ಕೆಲವೇ ತಿಂಗಳಲ್ಲಿ ಆರೋಗ್ಯ ಕೆಟ್ಟು ಅದನ್ನು ನಿಲ್ಲಿಸಬೇಕಾಯಿತು. ಅಷ್ಟು ಮನೋಬಲದವರಿಗೇ ಹಾಗಾದಾಗ ನಾವು ಮೂರು ಹೊತ್ತನ್ನೂ ಒಮ್ಮೆಲೇ ಬದಲಿಸಲು ಹೋಗುವುದು ಬೇಡ. ಬೆಳಗಿನ ತಿಂಡಿ ಅಥವಾ ರಾತ್ರಿಯ ಊಟ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಹೊಟ್ಟೆಗೆ ಒಗ್ಗಲು ಎರಡು ಮೂರು ವಾರ ಬಿಡಿ.

2. ಗೊತ್ತಿರುವ ತಿನಿಸಿನಿಂದಲೇ ಆರಂಭಿಸಿ

ರಾಮನವಮಿಯ ಕೋಸಂಬರಿ ನಮಗೆ ಹೊಸದೇ? ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ರೊಟ್ಟಿಯ ಪಕ್ಕಕ್ಕೆ ಹಕ್ಕರಕಿ, ಮೆಂತ್ಯ ಸೊಪ್ಪು, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ ಹಸಿಯಾಗಿಯೇ ಬರುತ್ತವೆ. ಮೊದಲ ವಾರಕ್ಕೆ ಇಷ್ಟು ಸಾಕು. ಅರ್ಧ ಲೋಟ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಬಸಿಯಿರಿ. ಹೆಚ್ಚಿದ ಸೌತೆಕಾಯಿ, ಒಂದು ಹಿಡಿ ಕಾಯಿತುರಿ, ಹಸಿಮೆಣಸು, ಕೊತ್ತಂಬರಿ ಸೇರಿಸಿ ನಿಂಬೆ ಹಿಂಡಿ. ಒಗ್ಗರಣೆಯ ಬದಲಿಗೆ ಜಜ್ಜಿದ ಶುಂಠಿ, ಸಣ್ಣಗೆ ಹೆಚ್ಚಿದ ಎಳೆ ಕರಿಬೇವು ಹಾಕಿ. ಘಮಕ್ಕೆ ಏನೂ ಕೊರತೆಯಾಗದು.

3. ಮಲಗುವ ಮುನ್ನ ನೆನೆಹಾಕಿ

ಈ ಲೆಕ್ಕವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಡಿ:

- ಹೆಸರುಬೇಳೆ: 1 ಗಂಟೆ
- ಕಡಲೆಬೇಳೆ: 2ರಿಂದ 3 ಗಂಟೆ
- ಶೇಂಗಾ, ಬಾದಾಮಿ: 6ರಿಂದ 8 ಗಂಟೆ
- ಹೆಸರುಕಾಳು: 8 ಗಂಟೆ ನೆನೆದ ಮೇಲೆ ಮೊಳಕೆಗೆ ಇನ್ನೂ 12ರಿಂದ 24 ಗಂಟೆ

ನೆನೆಸಿದ ನೀರನ್ನು ಚೆಲ್ಲಿ, ಕಾಳನ್ನು ಮತ್ತೊಮ್ಮೆ ತೊಳೆಯಿರಿ. ಬೂಸಲು ಹಿಡಿದ, ಕಹಿಯಾದ, ಸುಕ್ಕುಗಟ್ಟಿದ ಶೇಂಗಾ ಬೀಜ ಒಂದಿದ್ದರೂ ಹೆಕ್ಕಿ ಎಸೆಯಿರಿ. ಅಂಥ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು.

4. ಮೊಳಕೆ ಕಟ್ಟುವಾಗ ಶುಚಿ ತಪ್ಪಬೇಡಿ

ಕಾಳು ಮೊಳೆಯಲು ಬೇಕಾದ ಬೆಚ್ಚನೆಯ ತೇವವೇ ರೋಗಾಣುಗಳಿಗೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ-ಕೊಲೈ ಸೋಂಕಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು. ಕುಡಿಯುವ ನೀರಿನಲ್ಲೇ ಕಾಳು ತೊಳೆಯಿರಿ. ಕಟ್ಟುವ ಬಟ್ಟೆಯನ್ನು ಪ್ರತಿ ಸಲ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ. ಮೊಳಕೆ ಬಂದ ಕೂಡಲೇ ಫ್ರಿಜ್‌ಗೆ ಸೇರಿಸಿ, ಬೇಗನೆ ತಿಂದು ಮುಗಿಸಿ. ಲೋಳೆ ಬಂದರೆ, ಕಮಟು ವಾಸನೆ ಹೊಡೆದರೆ ಮರುಮಾತಿಲ್ಲದೆ ಎಸೆಯಿರಿ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಸೊರಗಿದವರಿಗೆ ಮೊಳಕೆಯನ್ನು ಬೇಯಿಸಿಯೇ ಕೊಡಿ.

5. ಹಸಿಯಾಗಿ ತಿನ್ನಬಾರದ್ದನ್ನು ತಿಳಿದಿರಿ

ರಾಜ್ಮಾ ಎಷ್ಟು ನೆನೆದರೂ, ಮೊಳೆತರೂ ಹಸಿಯಾಗಿ ತಿನ್ನಬಾರದು. ಅದರಲ್ಲಿರುವ ಲೆಕ್ಟಿನ್ ವಾಂತಿ ಭೇದಿ ತರುತ್ತದೆ, ಚೆನ್ನಾಗಿ ಕುದಿಸಿದರೆ ಮಾತ್ರ ನಾಶವಾಗುತ್ತದೆ. ಅವರೆಕಾಳು, ಸೋಯಾ ಕೂಡ ಬೇಯಲೇಬೇಕು. ಮರಗೆಣಸು ಹಸಿಯಾಗಿದ್ದರೆ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಕೆಸು, ಸುವರ್ಣಗಡ್ಡೆಗಳಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿದ್ದು ಬಾಯಿ ಗಂಟಲೆಲ್ಲ ತುರಿಸುತ್ತದೆ. ಆಲೂಗಡ್ಡೆಯನ್ನೂ ಈ ಪಟ್ಟಿಗೇ ಸೇರಿಸಿ.

6. ಸೊಪ್ಪು, ಕೋಸನ್ನು ಎಲೆ ಎಲೆಯಾಗಿ ತೊಳೆಯಿರಿ

ಬೇಯಿಸುವ ಅಡುಗೆಯಲ್ಲಿ ತೊಳೆಯುವಾಗ ತಪ್ಪಿದ್ದನ್ನು ಬೆಂಕಿ ಸರಿಪಡಿಸುತ್ತದೆ. ಇಲ್ಲಿ ಆ ಎರಡನೆಯ ಅವಕಾಶ ಸಿಗದು. ಕೊಳಕು ನೀರು ಕುಡಿದು ಬೆಳೆದ ತರಕಾರಿಯ ಮೇಲೆ ಲಾಡಿಹುಳುವಿನ ಮೊಟ್ಟೆಗಳೂ ಕೂತಿರಬಹುದು. ಎಲೆಕೋಸಿನ ಹೊರ ಎಲೆಗಳನ್ನು ತೆಗೆದುಬಿಡಿ, ಒಳಗಿನವನ್ನು ಬಿಡಿಸಿ ಹರಿಯುವ ನೀರಿನಲ್ಲಿ ಒಂದೊಂದಾಗಿ ಉಜ್ಜಿ. ಸೊಪ್ಪನ್ನು ಅಗಲವಾದ ಪಾತ್ರೆಯಲ್ಲಿ ಮುಳುಗಿಸಿ, ಮಣ್ಣು ತಳಕ್ಕಿಳಿದ ಮೇಲೆ ಕೈಯಿಂದ ಎತ್ತಿಕೊಳ್ಳಿ. ನೀರು ತಿಳಿಯಾಗುವವರೆಗೂ ಹೀಗೆ ಮಾಡಿ. ಹೆಚ್ಚುವುದು ತೊಳೆದ ನಂತರವೇ.

7. ಹಾಲು, ಮೊಸರಿನ ಜಾಗಕ್ಕೆ ತೆಂಗಿನಕಾಯಿ

ಒಂದು ಲೋಟ ಕಾಯಿತುರಿಗೆ ಒಂದೂವರೆ ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಗಟ್ಟಿ ಕಾಯಿಹಾಲು ಸಿದ್ಧ. ಮಲೆನಾಡಿನ ಒಂದೆಲಗದ ತಂಬುಳಿಗೆ ಮಜ್ಜಿಗೆಯ ಬದಲು ಇದನ್ನೇ ಬಳಸಿ. ಚೆನ್ನಾಗಿ ತೊಳೆದ ಒಂದೆಲಗ, ಜೀರಿಗೆ, ಕಾಳುಮೆಣಸು, ಸ್ವಲ್ಪ ಕಾಯಿತುರಿ ಅರೆದು, ಕಾಯಿಹಾಲಿನಲ್ಲಿ ಕದಡಿ, ನಿಂಬೆರಸದಿಂದ ಹುಳಿ ತನ್ನಿ. ದೊಡ್ಡಪತ್ರೆಗೂ ಇದೇ ಕ್ರಮ. ಕಾಯಿಹಾಲು ಬೇಗ ಹಳಸುತ್ತದೆ, ಆಯಾ ಹೊತ್ತಿಗೆ ಬೇಕಾದಷ್ಟೇ ತೆಗೆಯಿರಿ.

8. ಉಪ್ಪು ಹಾಕುವ ಹೊತ್ತು ಅರಿಯಿರಿ

ಸೌತೆ, ಟೊಮೆಟೊಗೆ ಉಪ್ಪು ಬಿದ್ದ ಕೆಲವೇ ನಿಮಿಷದಲ್ಲಿ ನೀರು ಬಿಡುತ್ತದೆ. ಅವಕ್ಕೆ ತಟ್ಟೆ ಹಾಕಿದ ಮೇಲೆಯೇ ಉಪ್ಪು ಬೆರೆಸಿ. ಎಲೆಕೋಸು, ಮೂಲಂಗಿಯದು ಇದಕ್ಕೆ ತದ್ವಿರುದ್ಧ. ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ ಕೈಯಲ್ಲಿ ಕಿವುಚಿ ಅರ್ಧ ಗಂಟೆ ಬಿಟ್ಟರೆ ಬಿರುಸು ಹೋಗಿ ಬೆಂದಂತೆ ಮೆತ್ತಗಾಗುತ್ತವೆ. ಹುಳಿಗೆ ನಿಂಬೆಯೊಂದನ್ನೇ ನಂಬಬೇಡಿ. ಮಾವಿನಕಾಯಿ, ನೆಲ್ಲಿಕಾಯಿ, ಅಂಬಟೆ, ಬಿಂಬುಳಿ ಕಾಲಕ್ಕೆ ತಕ್ಕಂತೆ ಸಿಗುತ್ತವೆ. ಹುಳಿಯಿಂದ ರುಚಿಯ ಜೊತೆ ಇನ್ನೊಂದು ಲಾಭವೂ ಇದೆ. ನಿಂಬೆ, ನೆಲ್ಲಿಯಲ್ಲಿರುವ ಸಿ ಜೀವಸತ್ವದಿಂದ ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಆ ಲಾಭ ಕೈತಪ್ಪುತ್ತದೆ.

9. ‘ಹಸಿ’ ಎಂಬ ಹೆಸರಿಗೆ ಮೋಸಹೋಗಬೇಡಿ

ಪಾಲಿಸುವವರ ವಾಡಿಕೆಯಂತೆ ಸುಮಾರು 42ರಿಂದ 48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯದ ಆಹಾರವೇ ಹಸಿ ಆಹಾರ. ಬೆಲ್ಲ ಆಲೆಮನೆಯಲ್ಲಿ ಕುದಿದು ಬಂದದ್ದು. ಅವಲಕ್ಕಿಗೆ ಭತ್ತವನ್ನು ನೆನೆಸಿ, ಹುರಿದು, ಕುಟ್ಟುತ್ತಾರೆ. ಜೇನು ಹಸಿಯೇ ಇರಬಹುದು, ಆದರೆ ವೀಗನ್ ಅಲ್ಲ. ಕಟ್ಟುನಿಟ್ಟಾಗಿ ಪಾಲಿಸುವವರು ಸಿಹಿಗೆ ಖರ್ಜೂರ, ಒಣದ್ರಾಕ್ಷಿ ನೆನೆಸಿ ಅರೆದುಕೊಳ್ಳಿ. ಬಾಳೆಹಣ್ಣು, ಖರ್ಜೂರ, ಕಾಯಿಹಾಲು, ಏಲಕ್ಕಿ ಸೇರಿದರೆ ರಸಾಯನವಾಯಿತು. ಕಟ್ಟುನಿಟ್ಟು ಬೇಡದವರು ನೆನೆಸಿದ ಅವಲಕ್ಕಿಯನ್ನು ನಿಶ್ಚಿಂತೆಯಿಂದ ಸೇರಿಸಿಕೊಳ್ಳಬಹುದು, ಊಟಕ್ಕೆ ಗಟ್ಟಿತನ ಬರುತ್ತದೆ.

10. ಹೊಟ್ಟೆ ತುಂಬುವಂತೆ ತಟ್ಟೆ ಜೋಡಿಸಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಲು ಹೇಳಿದೆ. ಒಂದು ಹೊತ್ತಿನ ಹಸಿ ಊಟದಲ್ಲೇ ಇದರ ಬಹುಪಾಲು ಮುಗಿಯುತ್ತದೆ. ಆದರೆ ತರಕಾರಿಯೊಂದರಿಂದ ಹಸಿವು ಇಂಗದು. ತಟ್ಟೆಯಲ್ಲಿ ನಾಲ್ಕು ಬಗೆ ಇರಲಿ: ತರಕಾರಿ ಸೊಪ್ಪು, ನೆನೆದ ಅಥವಾ ಮೊಳೆತ ಕಾಳು, ಕಾಯಿ ಅಥವಾ ಶೇಂಗಾ, ಒಂದು ಹಣ್ಣು. ಗಜ್ಜರಿಯ ಜೊತೆ ಕಾಯಿತುರಿ ಇರಲೇಬೇಕು, ಅದರ ಕೆರೋಟಿನ್ ಮೈಗೂಡಲು ಜಿಡ್ಡು ಬೇಕು. ಹಾಲು, ಮೊಸರನ್ನು ಪೂರ್ತಿ ಬಿಟ್ಟವರಿಗೆ ಬಿ12 ಜೀವಸತ್ವ ಸಸ್ಯಾಹಾರದಿಂದ ನೆಚ್ಚುವಷ್ಟು ಸಿಗುವುದಿಲ್ಲ. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ಇದನ್ನು ಮುಂದೂಡಬೇಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಊಟ ಬದಲಿಸುವ ಮೊದಲೇ ವೈದ್ಯರ ಸಲಹೆ ಪಡೆಯಿರಿ.

ಹತ್ತನ್ನೂ ಇವತ್ತೇ ಪಾಲಿಸಬೇಕಿಲ್ಲ. ಮಲಗುವ ಮುನ್ನ ಎರಡು ಹಿಡಿ ಹೆಸರುಕಾಳು ತೊಳೆದು ನೀರಿಗೆ ಹಾಕಿ. ಬೆಳಿಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ನಾಳೆ ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಗಂಟು ಬಿಚ್ಚಿದರೆ ಬಿಳಿ ಮೊಳಕೆ ಇಣುಕುತ್ತಿರುತ್ತದೆ. ಕಾಯಿ ತುರಿದು ನಿಂಬೆ ಹಿಂಡುವುದಷ್ಟೇ ಆಗ ಬಾಕಿ.